ಕ್ಯಾನಿನ ಹುಡುಗನಿಗೆ ಫೋನ್ ಮಾಡುವುದನ್ನು ಬಿಟ್ಟೆ

ಹೋದ ವರ್ಷ ಮಾರ್ಚ್‌ನಿಂದ ನಮ್ಮ ಮನೆಗೆ ನೀರಿನ ಕ್ಯಾನ್ ಬರುತ್ತಿಲ್ಲ. ಅದಕ್ಕೂ ಹಿಂದಿನ ಐದು ವರ್ಷ ವಾರಕ್ಕೆ ಎರಡರಂತೆ ತಪ್ಪದೇ ಬಂದಿದೆ. ಇಪ್ಪತ್ತು ಲೀಟರಿನ ನೀಲಿ ಕ್ಯಾನು, ಒಂದಕ್ಕೆ 50 ರೂಪಾಯಿ. ಮೊನ್ನೆ ಸುಮ್ನೆ ಕೂತು ಲೆಕ್ಕ ಹಾಕಿದೆ. 26,000 ರೂಪಾಯಿ! ಬರೀ ನೀರಿಗೆ. ಅದೂ ಕಾರವಾರದಂಥ ಊರಲ್ಲಿ, ವರ್ಷಕ್ಕೆ 3000 ಮಿಲಿಮೀಟರ್ ಆಸುಪಾಸು ಮಳೆ ಸುರಿಯುವ ಕಡೆ, ಜೂನ್‌ನಿಂದ ಸೆಪ್ಟೆಂಬರ್ ತನಕ ಒಗೆದ ಬಟ್ಟೆ ಒಣಗದೆ ಮುಗ್ಗಲು ವಾಸನೆ ಬರುವ ಕಡೆ.

ನಾನು ಶಿರಸಿ ಕಡೆಯವಳು. ನಮ್ಮ ಕಡೆ ಮನೆಗೆ ಯಾರೇ ಬಂದರೂ ಮೊದಲ ಮಾತು "ಆಸ್ರಿಗೆ ಬೇಕಾ?" ಅಂತ. ಒಂದು ತಂಬಿಗೆ ನೀರು, ಜೊತೆಗೆ ಒಂದು ತುಂಡು ಬೆಲ್ಲ. ನೀರಿಗೆ ದುಡ್ಡು ಕೊಡುವುದು ಅಂದರೆ ನಮ್ಮ ಆಯಿಗೆ ಇವತ್ತಿಗೂ ಅರ್ಥವಾಗದ ವಿಷಯ. ತವರುಮನೆ ಹಿಂದೆ ಬೆಟ್ಟ, ಬೆಟ್ಟದ ಬುಡದಲ್ಲಿ ಕಲ್ಲಿನ ಸಂದಿಯಿಂದ ಒಸರುವ ಅಬ್ಬಿ ನೀರು. ನಾನು ಸಣ್ಣವಳಿದ್ದಾಗ ಅಡಿಕೆ ಮರ ಸೀಳಿ, ತಿರುಳು ಕೆತ್ತಿ ತೆಗೆದು, ಒಂದರ ಬಾಯಿಗೆ ಇನ್ನೊಂದು ಜೋಡಿಸಿ ನೀರನ್ನು ಹಿತ್ತಲವರೆಗೆ ತಂದಿದ್ದರು. ಈಗ ಕರಿ ಪೈಪು. ಮೋಟರ್ ಇಲ್ಲ, ಕರೆಂಟ್ ಇಲ್ಲ, ನಲ್ಲಿಗೆ ತಿರುಪೂ ಇಲ್ಲ. ಹಗಲೂ ರಾತ್ರಿ ತೊಟ್ಟಿಗೆ ಬೀಳುತ್ತಲೇ ಇರುತ್ತದೆ, ತುಂಬಿ ಹೆಚ್ಚಾದದ್ದು ತೋಟಕ್ಕೆ, ತೋಟದಿಂದ ಕಾಲುವೆಗೆ, ಕಾಲುವೆಯಿಂದ ಹೊಳೆಗೆ. ಆ ಸದ್ದು ಇಲ್ಲದೆ ನನಗೆ ಕಾರವಾರದಲ್ಲಿ ಮೊದಮೊದಲು ನಿದ್ದೆಯೇ ಬರುತ್ತಿರಲಿಲ್ಲ.

ಇಂಥ ಮನೆಯ ಹುಡುಗಿ ಕ್ಯಾನ್ ನೀರಿಗೆ ಹೇಗೆ ಬಿದ್ದೆ ಅಂದರೆ, ಇಲ್ಲಿಗೆ ಬಂದ ಮೊದಲ ಜೂನ್‌ನಲ್ಲಿ. ಹಬ್ಬುವಾಡದಲ್ಲಿ ಮಹಡಿ ಮನೆ ಬಾಡಿಗೆಗೆ ಹಿಡಿದಿದ್ದೆವು. ಮಳೆ ಶುರುವಾಗಿ ನಾಲ್ಕು ದಿನಕ್ಕೆ ನಲ್ಲಿಯಲ್ಲಿ ಹಾಲು ಕಮ್ಮಿ ಹಾಕಿದ ಚಾದ ಬಣ್ಣದ ನೀರು. ಮಗಳಿಗೆ ಹೊಟ್ಟೆ ಕೆಟ್ಟಿತು. ಡಾಕ್ಟರ್ "ನೀರು ಕುದಿಸಿ ಕೊಡಿ, ಇಲ್ಲದಿದ್ದರೆ ಮಿನರಲ್ ವಾಟರ್ ಕೊಡಿ" ಅಂದರು. ಎರಡರಲ್ಲಿ ಯಾವುದು ಸುಲಭವೋ ಅದನ್ನು ಹಿಡಿದೆ. ನಂಬರ್ ಕೊಟ್ಟವರು ಕೆಳಗಿನ ಮನೆಯ ಅಕ್ಕ. ಹುಡುಗ ಅರ್ಧ ಗಂಟೆಯಲ್ಲಿ ಕ್ಯಾನ್ ತಂದು ಇಳಿಸಿದ. ಮಗಳ ಹೊಟ್ಟೆ ಎರಡು ದಿನದಲ್ಲಿ ಸರಿಹೋಯಿತು, ಕ್ಯಾನು ಮಾತ್ರ ಐದು ವರ್ಷ ಉಳಿಯಿತು.

ಆಮೇಲೆ ಅದು ಭಯಕ್ಕಿಂತ ಮರ್ಯಾದೆಯ ವಿಷಯ ಆಗಿಬಿಟ್ಟಿತು. ನೆಂಟರು ಬಂದಾಗ ನಲ್ಲಿ ನೀರು ಕೊಟ್ಟರೆ ಏನಂದುಕೊಳ್ಳುತ್ತಾರೋ ಅನ್ನುವ ಯೋಚನೆ. ಅವರೂ ಕೇಳುತ್ತಿದ್ದರು, "ಇದು ಫಿಲ್ಟರ್ ನೀರಾ?" ಅಂತ. ಮದುವೆ ಮನೆಯಲ್ಲಿ ಎಲೆಯ ಪಕ್ಕ ಕಾಲು ಲೀಟರಿನ ಬಾಟಲಿ ಇಡದಿದ್ದರೆ ಈಗ ಊಟ ಬಡಿಸಿದಂತೆಯೇ ಅಲ್ಲ. ಅರ್ಧ ಕುಡಿದು ಬಿಟ್ಟ ಬಾಟಲಿಗಳು ಕೈ ತೊಳೆಯುವ ಜಾಗದ ಹತ್ತಿರ ರಾಶಿ ಬಿದ್ದಿರುತ್ತವೆ. ಶಿರಸಿ ಮಾರಿಕಾಂಬಾ ಜಾತ್ರೆಯಲ್ಲಿ ಹಿಂದೆ ಅರವಟ್ಟಿಗೆಯಲ್ಲಿ ಮಜ್ಜಿಗೆ ಕುಡಿದು, ಅದೇ ಲೋಟ ತೊಳೆದು ಪಕ್ಕದವರಿಗೆ ಕೊಟ್ಟದ್ದು ನೆನಪಿದೆ. ಈಗ ಅಲ್ಲೂ "ಒಂದು ಬಿಸ್ಲೇರಿ ಕೊಡಿ" ಅನ್ನುವುದೇ ಮಾತು. ಅಂಗಡಿಯವರು ಕೊಡುವುದು ಬೇರೆ ಯಾವುದೋ ಹೆಸರಿನದ್ದಾದರೂ ನಾವು ಕೇಳುವುದು ಬಿಸ್ಲೇರಿಯನ್ನೇ. ಅದು ಫೆಲಿಚೆ ಬಿಸ್ಲೇರಿ ಅನ್ನುವ ಇಟಲಿಯವನ ಮನೆತನದ ಹೆಸರು. ಮುಂಬೈ ಕಡೆ 1965ರಲ್ಲಿ ಗಾಜಿನ ಬಾಟಲಿಯಲ್ಲಿ ಶುರುವಾದ ವ್ಯಾಪಾರ, 1969ರಲ್ಲಿ ಪಾರ್ಲೆಯವರ ಕೈಗೆ ಬಂತು. ಇಟಲಿಯವನ ಹೆಸರು ಹೇಳಿ ನಮ್ಮೂರ ಅಂಗಡಿಯಲ್ಲಿ ನೀರು ಕೇಳುತ್ತಿದ್ದೇವೆ ಅಂದರೆ ನಗು ಬರುತ್ತದೆ.

ಇರಲಿ. ನನ್ನ ಕಣ್ಣು ತೆರೆಸಿದ್ದು ಮನೆಗೆ ಫಿಲ್ಟರ್ ಮಾರಲು ಬಂದ ಒಬ್ಬ ಹುಡುಗ. ಕಂಪನಿ ಹೆಸರು ಬೇಡ, ಎಲ್ಲ ಕಡೆ ಇದೇ ಆಟ ನಡೆಯುತ್ತದೆ ಅಂತ ಆಮೇಲೆ ಗೊತ್ತಾಯಿತು. ಭಾನುವಾರ ಬೆಳಿಗ್ಗೆ ಬಂದ. ಶರ್ಟ್ ಇನ್ ಮಾಡಿಕೊಂಡು, ಬ್ಯಾಗು ತುಂಬ ಸಾಮಾನು. ಎರಡು ಗಾಜಿನ ಲೋಟ ಕೇಳಿದ. ಒಂದರಲ್ಲಿ ನಮ್ಮ ನಲ್ಲಿ ನೀರು, ಇನ್ನೊಂದರಲ್ಲಿ ಅವನೇ ತಂದಿದ್ದ ಆರ್‌ಓ ನೀರು, ಅಂದರೆ ಲವಣವನ್ನೂ ಸೋಸಿ ತೆಗೆಯುವ ಫಿಲ್ಟರಿನದ್ದು. ಎರಡಕ್ಕೂ ಕಡ್ಡಿಗಳಿರುವ ಒಂದು ಡಬ್ಬಿ ಮುಳುಗಿಸಿ, ಪ್ಲಗ್ ಹಾಕಿ, ಸ್ವಿಚ್ ಒತ್ತಿದ. ಒಂದೆರಡು ನಿಮಿಷ. ನಲ್ಲಿ ನೀರು ಮೊದಲು ಹಳದಿ ಆಯಿತು, ಆಮೇಲೆ ಕಂದು, ಮೇಲೆ ಪಾಚಿಯಂಥ ಗಲೀಜು ತೇಲತೊಡಗಿತು. ಅವನ ನೀರು ಹಾಗೇ ತಿಳಿಯಾಗಿ ನಿಂತಿತ್ತು. "ನೋಡಿ ಮೇಡಂ, ಇದನ್ನೇ ನೀವು ಮಕ್ಕಳಿಗೆ ಕುಡಿಸುವುದು" ಅಂದ. ನಮ್ಮವರು ಆಗಲೇ ಬೆಲೆ ಕೇಳಲು ಬಾಯಿ ತೆರೆದಿದ್ದರು.

ಒಂಬತ್ತನೇ ಕ್ಲಾಸಿನ ಮಗಳು ಅಡುಗೆಮನೆಗೆ ಹೋಗಿ ಒಂದು ಚಿಟಿಕೆ ಉಪ್ಪು ತಂದು ಅವನ ಶುದ್ಧ ನೀರಿಗೆ ಹಾಕಿದಳು. "ಅಂಕಲ್, ಈಗ ಸ್ವಿಚ್ ಹಾಕಿ." ಅವನಿಗೆ ಇಷ್ಟವಿರಲಿಲ್ಲ, ಆದರೂ ಹಾಕಿದ. ನಮ್ಮ ನಲ್ಲಿ ನೀರಿಗಿಂತ ಗಾಢವಾಗಿ, ಪೂರ್ತಿ ಹುಣಸೆರಸದ ಹಾಗೆ ಆಯಿತು. ಗುಟ್ಟು ಇಷ್ಟೇ. ಕಡ್ಡಿಗಳಲ್ಲಿ ಕಬ್ಬಿಣದ್ದು ಇರುತ್ತದೆ. ನೀರಿನಲ್ಲಿ ಸ್ವಲ್ಪ ಲವಣ ಇದ್ದರೆ ಕರೆಂಟ್ ಹರಿಯುತ್ತದೆ, ಕರೆಂಟ್ ಹರಿದರೆ ಕಬ್ಬಿಣ ಕರಗಿ ತುಕ್ಕಾಗಿ ತೇಲುತ್ತದೆ. ಆ ಗಲೀಜು ನೀರಿನದ್ದಲ್ಲ, ಕಡ್ಡಿಯದ್ದು. ಆರ್‌ಓ ನೀರಿನಲ್ಲಿ ಲವಣ ಇಲ್ಲವೇ ಇಲ್ಲ ಅನ್ನುವಷ್ಟು ಕಮ್ಮಿ, ಹಾಗಾಗಿ ಕರೆಂಟ್ ಹರಿಯುವುದಿಲ್ಲ, ಬಣ್ಣ ಬರುವುದಿಲ್ಲ. ಮಗಳಿಗೆ ಇದು ಶಾಲೆಯಲ್ಲಿ ಪ್ರಯೋಗ ಮಾಡಿ ಗೊತ್ತಿತ್ತಂತೆ. ಹುಡುಗ ಕೋಪ ಮಾಡಿಕೊಳ್ಳಲಿಲ್ಲ, ನಕ್ಕು ಸಾಮಾನು ಕಟ್ಟಿಕೊಂಡ. ಹೋಗುವಾಗ ಕುಡಿಯಲು ನೀರು ಕೇಳಿದ. "ಯಾವುದು ಕೊಡಲಿ ತಮ್ಮಾ, ನಲ್ಲಿದೋ ಕ್ಯಾನಿಂದೋ?" ಅಂದೆ. "ಯಾವುದಾದರೂ ಆಯ್ತು ಮೇಡಂ, ಬಿಸಿಲು ಜಾಸ್ತಿ" ಅಂದ.

ಅಲ್ಲಿಂದ ಮಗಳಿಗೆ ಹುಚ್ಚು ಹಿಡಿಯಿತು. ಆನ್‌ಲೈನ್‌ನಲ್ಲಿ ಟಿಡಿಎಸ್ ಮೀಟರ್ ತರಿಸಿದಳು, ಪೆನ್ನಿನಷ್ಟು ಉದ್ದದ್ದು. ನೀರಿನಲ್ಲಿ ಕರಗಿದ ಲವಣ ಲೀಟರಿಗೆ ಎಷ್ಟು ಮಿಲಿಗ್ರಾಂ ಇದೆ ಅಂತ ಅಂದಾಜು ಹೇಳುತ್ತದೆ. ನಮ್ಮ ನಲ್ಲಿ ನೀರು 62. ಕ್ಯಾನ್ ನೀರು 28. ಅಂಗಡಿಯ ಒಂದು ಲೀಟರ್ ಬಾಟಲಿ 90ರ ಹತ್ತಿರ. ತವರಿನ ಅಬ್ಬಿ ನೀರು 31. ಕೆಳಗಿನ ಮನೆ ಅಕ್ಕನ ಬಾವಿ ಮಾರ್ಚ್‌ನಲ್ಲಿ 480 ಇದ್ದದ್ದು ಮೇ ಕೊನೆಗೆ 1100 ದಾಟಿತ್ತು, ಕಡಲು ಹತ್ತಿರ ಅಲ್ವಾ, ಸಿಹಿ ನೀರು ಇಳಿದ ಹಾಗೆ ಉಪ್ಪು ನೀರು ಒಳಗೆ ಬರುತ್ತದೆ. ಕುಡಿಯುವ ನೀರಿಗೆ ಐಎಸ್ 10500 ಅಂತ ಒಂದು ಮಾನದಂಡ ಇದೆ. ಲೀಟರಿಗೆ 500 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು, ಬೇರೆ ನೀರೇ ಇಲ್ಲ ಅಂದರೆ 2000ದವರೆಗೂ ನಡೆಯುತ್ತದೆ ಅಂತ ಅದು ಹೇಳುತ್ತದೆ. ನಮ್ಮದು 62! ಇದಕ್ಕೆ ಆರ್‌ಓ ಹಾಕಿಸುವುದು ಅಂದರೆ ಬೋಳು ತಲೆಗೆ ಬಾಚಣಿಗೆ ಕೊಂಡ ಹಾಗೆ. ಮೇಲಾಗಿ ಮನೆಯಲ್ಲಿಡುವ ಆರ್‌ಓ ಒಂದು ಲೀಟರ್ ಕೊಡಲು ಎರಡು ಮೂರು ಲೀಟರ್ ಚರಂಡಿಗೆ ಬಿಡುತ್ತದೆ. 500ಕ್ಕಿಂತ ಕಮ್ಮಿ ಟಿಡಿಎಸ್ ಇರುವ ಕಡೆ ಆರ್‌ಓ ನಿಷೇಧಿಸಿ ಅಂತ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2019ರಲ್ಲೇ ಹೇಳಿತ್ತು.

ಟಿಡಿಎಸ್ ನೋಡಿ ನನಗೂ ಕೊಂಬು ಬಂದಿತ್ತು. ನಲ್ಲಿ ನೀರೇ ಶ್ರೇಷ್ಠ ಅಂತ ಎಲ್ಲರಿಗೂ ಹೇಳತೊಡಗಿದ್ದೆ. ಆ ಕೊಂಬು ಮುರಿದದ್ದು ಒಂದು ಕಪ್ಪೆ.

ಫೆಬ್ರವರಿಯಲ್ಲಿ ನಲ್ಲಿಯಲ್ಲಿ ನೀರು ಸಪೂರ ಬರತೊಡಗಿತು. ತಾರಸಿಗೆ ಹತ್ತಿ ಸಿಂಟೆಕ್ಸ್ ನೋಡಿದರೆ ಮುಚ್ಚಳ ಎರಡು ಹೋಳು. ಪಕ್ಕದ ಹಿತ್ತಿಲಿನ ತೆಂಗಿನಮರದಿಂದ ಕಾಯಿ ಬಿದ್ದು ಒಡೆದಿತ್ತು, ಯಾವಾಗ ಬಿದ್ದದ್ದೋ ದೇವರೇ ಬಲ್ಲ. ಒಳಗೆ ಟಾರ್ಚ್ ಬಿಟ್ಟೆ. ತಳದಲ್ಲಿ ಗೇಣುದ್ದ ಕೆಸರು, ತೆಂಗಿನ ಹೂವಿನ ಪುಡಿ, ಕಾಗೆ ತಂದು ಹಾಕಿದ್ದ ಮೀನಿನ ಮುಳ್ಳು, ಮೂಲೆಯಲ್ಲಿ ಬೆಳ್ಳಗೆ ಹೊಟ್ಟೆ ಮೇಲಾಗಿ ಒಂದು ಕಪ್ಪೆ. ಇದೇ ನೀರಿನಲ್ಲಿ ಹಲ್ಲು ಉಜ್ಜಿದ್ದೇವೆ, ಅಕ್ಕಿ ತೊಳೆದಿದ್ದೇವೆ, ತಂಬಳಿ ಮಾಡಿದ್ದೇವೆ. ತಂಬಳಿಯನ್ನು ಯಾರೂ ಕುದಿಸುವುದಿಲ್ಲ ಅನ್ನುವುದು ನೆನಪಾಗಿ ಹೊಟ್ಟೆ ತೊಳೆಸಿತು. ಮಗಳು ಮಾತ್ರ ಮೀಟರ್ ತಂದು ಅದ್ದಿದಳು. 64. ಕಪ್ಪೆ ಸತ್ತ ನೀರಿಗೂ ಮೀಟರ್ ಪಾಸ್ ಮಾರ್ಕ್ ಕೊಟ್ಟಿತ್ತು! ಟಿಡಿಎಸ್ ಉಪ್ಪಿನ ಲೆಕ್ಕ ಹೇಳುತ್ತದೆ, ರೋಗಾಣುವಿನದ್ದು ಹೇಳುವುದಿಲ್ಲ ಅಂತ ನನಗೆ ತಿಳಿದದ್ದು ಹೀಗೆ. ಅಂಗಡಿಯಲ್ಲಿ ಮೀಟರ್ ಅದ್ದಿ "ನೋಡಿ ಎಷ್ಟು ಪ್ಯೂರ್" ಅನ್ನುವವರ ಮಾತನ್ನು ಅರ್ಧ ಮಾತ್ರ ನಂಬಬೇಕು.

ತೊಟ್ಟಿ ತೊಳೆಯುವುದು ಯಾರ ಕೆಲಸ ಅಂತ ಓನರ್ ಜೊತೆ ಎರಡು ದಿನ ಚರ್ಚೆ. ಬಾಡಿಗೆಯವರದ್ದು ಅಂತ ಅವರು, ಮನೆಯವರದ್ದು ಅಂತ ನಾವು. ಕೊನೆಗೆ ನಮ್ಮವರೇ ಪಂಚೆ ಎತ್ತಿ ಕಟ್ಟಿಕೊಂಡು ಇಳಿದರು. ಕೆಸರನ್ನು ಡಬ್ಬಿಯಲ್ಲಿ ಗೋರಿ ಗೋರಿ ಹಾಕಿದೆವು, ಏಳು ಬಕೆಟ್. ಬ್ಲೀಚಿಂಗ್ ಪೌಡರ್ ಹಾಕಿ ಉಜ್ಜಿ, ಎರಡು ಸಲ ತುಂಬಿಸಿ ಖಾಲಿ ಮಾಡಿ, ಹೊಸ ಮುಚ್ಚಳ ತಂದು ತಂತಿ ಬಿಗಿದೆವು. ಕುಡಿಯುವ ನೀರಿಗಾದರೆ ಸಾವಿರ ಲೀಟರಿಗೆ ಎರಡೂವರೆ ಗ್ರಾಂ ಒಳ್ಳೆಯ ಬ್ಲೀಚಿಂಗ್ ಪೌಡರ್ ಸಾಕು, ಬಕೆಟಿನಲ್ಲಿ ಕಲಸಿ, ಸುಣ್ಣ ಕೆಳಗೆ ಕೂತ ಮೇಲೆ ಮೇಲಿನ ತಿಳಿ ಮಾತ್ರ ಹಾಕಬೇಕು, ಒಂದು ಗಂಟೆ ಮುಟ್ಟಬಾರದು. ಜಾಸ್ತಿ ಹಾಕಿದರೆ ಜಾಸ್ತಿ ಶುದ್ಧ ಅಂತ ಮುಷ್ಟಿಗಟ್ಟಲೆ ಸುರಿಯುವವರಿದ್ದಾರೆ. ಬೇಡ.

ಇದನ್ನೆಲ್ಲ ಫೋನಿನಲ್ಲಿ ಹೇಳಿದಾಗ ಊರಲ್ಲಿದ್ದ ಅತ್ತಿಗೆ, "ಸುಮ್ನೆ ಅಂದಾಜು ಎಂತಕ್ಕೆ, ಪರೀಕ್ಷೆ ಮಾಡು" ಅಂದಳು. ಅತ್ತಿಗೆಗೆ ಪಂಚಾಯ್ತಿಯಲ್ಲಿ ನೀರು ಪರೀಕ್ಷೆಯ ತರಬೇತಿ ಆಗಿದೆ. ಜಲಜೀವನ ಮಿಷನ್‌ನಲ್ಲಿ, ಅದೇ ನಮ್ಮಲ್ಲಿ ಮನೆ ಮನೆಗೆ ಗಂಗೆ ಅಂತ ಬೋರ್ಡ್ ಇರುತ್ತದಲ್ಲ, ಅದರಲ್ಲಿ ಪ್ರತಿ ಊರಿನ ಐದು ಹೆಂಗಸರಿಗೆ ಕಿಟ್ ಬಳಸುವುದು ಕಲಿಸುತ್ತಾರೆ. ಅದರಲ್ಲಿ ಒಂದು ಪುಟ್ಟ ಬಾಟಲಿ ಇದೆ. ಗುರುತಿನವರೆಗೆ ನೀರು ತುಂಬಿ, ಮುಚ್ಚಿ, ಒಂದೆರಡು ದಿನ ಹಾಗೇ ಇಡುವುದು. ನೀರು ಕಪ್ಪಾದರೆ ಮಲದಿಂದ ಬರುವ ಬ್ಯಾಕ್ಟೀರಿಯಾ ಇರಬಹುದು, ಕುದಿಸದೆ ಕುಡಿಯಬೇಡಿ ಅಂತ ಅರ್ಥ. ಅಷ್ಟೇ ಸರಳ. ನಾಲ್ಕು ಬಾಟಲಿ ಕಳಿಸಿದಳು.

ಒಂದರಲ್ಲಿ ಬೀದಿಯ ಲೈನಿನಿಂದ ನೇರ ಹಿಡಿದ ನೀರು, ಗೇಟಿನ ಹತ್ತಿರದ ನಲ್ಲಿಯದ್ದು. ಎರಡನೆಯದು ತೊಳೆಯುವ ಮುಂಚೆ ನಾನು ಎತ್ತಿಟ್ಟುಕೊಂಡಿದ್ದ ತೊಟ್ಟಿ ನೀರು. ಮೂರನೆಯದು ಮೂರು ದಿನದ ಹಿಂದೆ ಮುಚ್ಚಳ ತೆಗೆದು ಪಂಪ್ ಹಾಕಿದ್ದ ಕ್ಯಾನಿನದ್ದು. ನಾಲ್ಕನೆಯದು ತವರಿನಿಂದ ಅದೇ ವಾರ ತಂದಿದ್ದ ಅಬ್ಬಿ ನೀರು. ನಾಲ್ಕನ್ನೂ ಫ್ರಿಜ್ ಮೇಲೆ ಸಾಲಾಗಿ ಇಟ್ಟೆವು. ಮಾರನೇ ದಿನ ಸಂಜೆಗೆ ತೊಟ್ಟಿಯ ನೀರು ಕಾಡಿಗೆ. ಅದು ಗೊತ್ತಿದ್ದದ್ದೇ. ಕ್ಯಾನಿನದ್ದು ಎರಡನೇ ದಿನ ಬೂದಿ ಬಣ್ಣಕ್ಕೆ ತಿರುಗಿ ಆಮೇಲೆ ಕಪ್ಪಾಯಿತು. ಬೀದಿ ನಲ್ಲಿಯದ್ದು ಮೂರನೇ ದಿನಕ್ಕೂ ಹಾಗೇ ಇತ್ತು.

ಅಬ್ಬಿ ನೀರೂ ಕಪ್ಪಾಗಿತ್ತು.

ಇದು ನನಗೆ ಕಪ್ಪೆಗಿಂತ ದೊಡ್ಡ ಪೆಟ್ಟು. ಇಷ್ಟು ವರ್ಷ ಯಾರ ಮುಂದೆ ಹೇಳಿಕೊಂಡಿಲ್ಲ ನಾನು, ನಮ್ಮ ಅಬ್ಬಿ ನೀರು ಅಮೃತ ಅಂತ! ಯೋಚಿಸಿದರೆ ಆಶ್ಚರ್ಯ ಏನಿಲ್ಲ. ಅಬ್ಬಿಯ ಮೇಲಿನ ಬೆಟ್ಟದಲ್ಲಿ ದನ ಮೇಯುತ್ತವೆ, ಹಂದಿ, ಮಂಗ ಎಲ್ಲ ಓಡಾಡುತ್ತವೆ, ಪೈಪಿನ ಬಾಯಿಗೆ ಒಂದು ಜಾಳಿಗೆಯೂ ಇಲ್ಲ. ಆಯಿಗೆ ಹೇಳಿದೆ. "ಅರವತ್ತು ವರ್ಷದಿಂದ ಕುಡಿತಾ ಇದ್ದಿ, ಎಂತಾ ಆಜು ಯಂಗೆ?" ಅಂದಳು, ನನಗೇನಾಗಿದೆ ಅಂತ. ಉತ್ತರ ಇಲ್ಲ. ಆದರೆ ಮಗಳು ರಜೆಗೆ ಹೋದಾಗಲೆಲ್ಲ ಎರಡನೇ ದಿನ ಹೊಟ್ಟೆ ನೋವು ಅನ್ನುತ್ತಿದ್ದದ್ದು, ನಾವು ಅದನ್ನು ಹಲಸಿನಹಣ್ಣಿನ ಮೇಲೆ ಹಾಕುತ್ತಿದ್ದದ್ದು ಈಗ ಬೇರೆ ಥರ ಕಾಣುತ್ತದೆ.

ಅಂದರೆ ನಾಲ್ಕರಲ್ಲಿ ಗೆದ್ದದ್ದು ನಾನು ಐದು ವರ್ಷ ಕುಡಿಯಲು ಮುಟ್ಟದೇ ಇದ್ದ ನಗರಸಭೆ ನೀರು. ಮೂರು ಕಾಸಿನ ಪರೀಕ್ಷೆ, ಒಂದೇ ಸಲ ಮಾಡಿದ್ದು, ಇದನ್ನೇ ಹಿಡಿದು ಕಾರವಾರದ ನೀರಿಗೆಲ್ಲ ಸರ್ಟಿಫಿಕೇಟ್ ಕೊಡುತ್ತಿಲ್ಲ. ಆದರೆ ಕಾರಣ ಸುಲಭ. ಅದಕ್ಕೆ ಕ್ಲೋರಿನ್ ಹಾಕಿರುತ್ತಾರೆ. ನಾವು ಮೂಗು ಮುರಿಯುವ ಆ ಬ್ಲೀಚಿಂಗ್ ವಾಸನೆ ಇದೆಯಲ್ಲ, ಅದೇ ಪೈಪಿನುದ್ದಕ್ಕೂ ಕಾವಲು. ನಲ್ಲಿಯ ತುದಿಯಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಉಳಿದಿರಬೇಕು ಅಂತ ಲೆಕ್ಕ. ಕ್ಯಾನ್ ನೀರಿನಲ್ಲಿ ಆ ಕಾವಲು ಇಲ್ಲ. ಘಟಕದಲ್ಲಿ ಓಝೋನ್ ಅನಿಲ, ಯುವಿ ಬೆಳಕು ಎಲ್ಲ ಹಾಯಿಸಿ ರೋಗಾಣು ಕೊಂದು ತುಂಬಿದ್ದರೂ ಒಮ್ಮೆ ಮುಚ್ಚಳ ತೆಗೆದ ಮೇಲೆ ಪಂಪಿನ ಕೊಳವೆಯಿಂದ, ನಮ್ಮ ಕೈಯಿಂದ ಹೋದದ್ದೆಲ್ಲ ಒಳಗೆ ಬೆಳೆಯುತ್ತದೆ. ನಾನು ಆ ಪಂಪನ್ನು ಐದು ವರ್ಷದಲ್ಲಿ ಎಷ್ಟು ಸಲ ತೊಳೆದಿದ್ದೆ ಅಂತ ಕೇಳಬೇಡಿ.

ಆಮೇಲೆ ಖಾಲಿ ಕ್ಯಾನನ್ನು ಮೊದಲ ಸಲ ಬೆಳಕಿಗೆ ಹಿಡಿದು ನೋಡಿದೆ. ಕುತ್ತಿಗೆಯ ಮಡಿಕೆಯಲ್ಲಿ ತೆಳ್ಳಗೆ ಹಸಿರು. ಬೆರಳು ಆಡಿಸಿದರೆ ಲೋಳೆ. ಸೀಲ್ ಅಂತ ಇದ್ದದ್ದು ಒಂದು ತೆಳು ಪ್ಲಾಸ್ಟಿಕ್, ಅದರ ಮೇಲೆ ಐಎಸ್‌ಐ ಗುರುತೂ ಇಲ್ಲ, ತಾರೀಖೂ ಇಲ್ಲ. ಪ್ಯಾಕ್ ಮಾಡಿದ ಕುಡಿಯುವ ನೀರಿನ ಮಾನದಂಡ ಐಎಸ್ 14543, ಆಹಾರ ಸುರಕ್ಷತೆ ನೋಡಿಕೊಳ್ಳುವ ಕೇಂದ್ರದ ಸಂಸ್ಥೆ ಎಫ್‌ಎಸ್‌ಎಸ್‌ಎಐನ 14 ಅಂಕೆಯ ಲೈಸೆನ್ಸ್ ನಂಬರ್ ಇರಬೇಕು, ತುಂಬಿದ ತಾರೀಖು, ಬ್ಯಾಚ್ ನಂಬರ್ ಇರಬೇಕು. ನಾವು ಬಿಸ್ಕತ್ತಿನ ಪ್ಯಾಕಿನ ಮೇಲೆ ತಾರೀಖು ನೋಡುತ್ತೇವೆ, ನೀರಿನದ್ದು ನೋಡುವುದಿಲ್ಲ. 2024ರ ಕೊನೆಗೆ ಪ್ಯಾಕ್ ಮಾಡಿದ ನೀರನ್ನು ಎಫ್‌ಎಸ್‌ಎಸ್‌ಎಐ ಹೆಚ್ಚು ಅಪಾಯದ ಆಹಾರಗಳ ಪಟ್ಟಿಗೆ ಸೇರಿಸಿತು. ಹುಡುಗನನ್ನು ಕೇಳಿದೆ, "ಇದನ್ನು ಎಲ್ಲಿ ತುಂಬಿಸುತ್ತೀರಿ?" "ನಮ್ಮದೇ ಬೋರ್‌ವೆಲ್ ಅಕ್ಕಾ, ಫಿಲ್ಟರ್ ಇದೆ" ಅಂದ. ಅವನ ತಪ್ಪೇನಿಲ್ಲ, ಅವನು ಹೊರುವವನು.

ಒಂದು ಲೀಟರ್ ಬಾಟಲಿಯ ಕಥೆ ಬೇರೆ. ಸರಿಯಾಗಿ ಸೀಲ್ ಇದ್ದರೆ ರೋಗಾಣುವಿನ ಚಿಂತೆ ಕಮ್ಮಿ. ಆದರೆ 2024ರ ಜನವರಿಯಲ್ಲಿ ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದವರು ಅಲ್ಲಿನ ಮೂರು ಬ್ರ್ಯಾಂಡ್ ಪರೀಕ್ಷಿಸಿ ಲೀಟರಿಗೆ ಸರಾಸರಿ 2.4 ಲಕ್ಷ ಪ್ಲಾಸ್ಟಿಕ್ ಕಣ ಕಂಡಿತು ಅಂದರು, ಹೆಚ್ಚಿನವು ಕಣ್ಣಿಗೆ ಕಾಣದ ನ್ಯಾನೋ ಗಾತ್ರದ್ದು. ಅದರಿಂದ ಮೈಗೆ ಏನಾಗುತ್ತದೆ ಅನ್ನುವುದು ಇನ್ನೂ ಪೂರ್ತಿ ತೀರ್ಮಾನವಾಗಿಲ್ಲ. ನಮ್ಮಲ್ಲಿ ಅಂಗಡಿ ಮುಂದೆ ಮೇ ತಿಂಗಳ ಬಿಸಿಲಿಗೆ ಬಾಟಲಿ ಬಂಡಲ್ ಒಟ್ಟಿರುವುದು ನೋಡಿದರೆ ಸಾಕು, ನನಗೆ ಕುಡಿಯುವ ಮನಸ್ಸಾಗುವುದಿಲ್ಲ. ಟಾಗೋರ್ ಕಡಲತೀರದಲ್ಲಿ ಮಳೆಗಾಲ ಮುಗಿದ ಮೇಲೆ ಅಲೆ ತಂದು ಹಾಕುವ ಖಾಲಿ ಬಾಟಲಿಗಳ ಬಗ್ಗೆ ಹೇಳುವುದೇ ಬೇಡ.

ಹಾಗಂತ ಬಾಟಲಿ ಮುಟ್ಟಲೇಬೇಡಿ ಅನ್ನುವ ಭಾಷಣ ನನ್ನದಲ್ಲ. ನಮ್ಮವರ ಅಕ್ಕನ ಮನೆ ಕುಮಟಾದ ಕಡೆ, ಅಘನಾಶಿನಿ ಅಳಿವೆಯ ಹತ್ತಿರ, ಉಪ್ಪು ನೀರು ಬರುವ ಗಜನಿ ಗದ್ದೆಯ ಅಂಚಿನಲ್ಲಿ. ಏಪ್ರಿಲ್ ಬಂತೆಂದರೆ ಬಾವಿ ನೀರಲ್ಲಿ ಬೇಳೆ ಬೇಯುವುದಿಲ್ಲ, ಸೋಪು ನೊರೆ ಬರುವುದಿಲ್ಲ, ಚಾ ಒಡೆದ ಹಾಗಾಗುತ್ತದೆ. ಕುದಿಸಿದರೆ ಉಪ್ಪು ಹೋಗುತ್ತದೆಯೇ? ಇನ್ನೂ ಜಾಸ್ತಿಯೇ ಆಗುತ್ತದೆ, ನೀರು ಆವಿಯಾಗಿ ಉಪ್ಪು ಉಳಿಯುತ್ತದಲ್ಲ. ಅವರು ಟ್ಯಾಂಕರ್ ಕಾಯಬೇಕು, ಇಲ್ಲ ಕ್ಯಾನ್ ಕೊಳ್ಳಬೇಕು. ಆರ್‌ಓ ಬೇಕಿದ್ದರೆ ಅಂಥವರಿಗೇ ಬೇಕು. ಇದೇ ಅಘನಾಶಿನಿಯ ಒಂದು ಮೂಲ ಶಿರಸಿ ಪೇಟೆಯೊಳಗಿನ ಶಂಕರಹೊಂಡ, ನೂರು ಚಿಲ್ಲರೆ ಕಿಲೋಮೀಟರ್ ಒಂದೂ ಅಣೆಕಟ್ಟಿಲ್ಲದೆ ಹರಿದು ಬಂದು ಅವರ ಮನೆ ಮುಂದೆ ಕಡಲು ಸೇರುತ್ತದೆ, ಹೊಳೆ ನೋಡುತ್ತ ಕೂತು ನೀರಿಗೆ ದುಡ್ಡು ಕೊಡುವ ಹಣೆಬರಹ ಅವರದ್ದು. 2019ರ ಆಗಸ್ಟ್ ನೆರೆಯಲ್ಲಿ ಕಾಳಿ, ಗಂಗಾವಳಿ ಎರಡೂ ಉಕ್ಕಿ ಬಾವಿಗಳೆಲ್ಲ ಮುಳುಗಿದಾಗ ಬಾಟಲಿ ನೀರೇ ಜೀವ ಉಳಿಸಿದ್ದು. ಬೆಂಗಳೂರು ರೈಲಿನಲ್ಲಿ ಮನೆ ನೀರು ಖಾಲಿಯಾದರೆ ನಾನೂ ರೈಲ್ವೆಯವರ ಬಾಟಲಿ ನೀರು ರೈಲ್ ನೀರ್ ಕೊಳ್ಳುತ್ತೇನೆ, 2025ರ ಸೆಪ್ಟೆಂಬರ್‌ನಲ್ಲಿ 15ರಿಂದ 14 ರೂಪಾಯಿಗೆ ಇಳಿಸಿದ್ದಾರೆ, ಒಂದು ರೂಪಾಯಿ ಚಿಲ್ಲರೆ ವಾಪಸ್ ಕೊಡುವವರನ್ನು ಮಾತ್ರ ಇನ್ನೂ ನೋಡಿಲ್ಲ.

ಈಗ ನಾವು ಮಾಡುವುದು ಇಷ್ಟು. ದಿನ ಬಿಟ್ಟು ದಿನ ಬೆಳಿಗ್ಗೆ ನೀರು ಬಿಡುತ್ತಾರೆ. ಮೊದಲ ಐದು ನಿಮಿಷದ್ದು ಗಿಡಕ್ಕೆ. ಆಮೇಲೆ ಗೇಟಿನ ನಲ್ಲಿಗೆ ಹಳೇ ಪಂಚೆಯನ್ನು ಮೂರು ಮಡಿಕೆ ಮಾಡಿ ಕಟ್ಟಿ, ಕುಡಿಯುವುದಕ್ಕೆ ಎರಡು ಸ್ಟೀಲ್ ಕೊಡ ಹಿಡಿಯುತ್ತೇನೆ, ತೊಟ್ಟಿಗೆ ಹೋಗುವ ಮೊದಲೇ. ಸಂಜೆ ಅಡುಗೆ ಮುಗಿದ ಮೇಲೆ ಆರು ಲೀಟರ್ ಕುದಿಸುವುದು. ಕೊತಕೊತ ಅಂತ ಕುದಿ ಬಂದ ಮೇಲೆ ಒಂದು ನಿಮಿಷ ಸಾಕು, ಹತ್ತಿಪ್ಪತ್ತು ನಿಮಿಷ ಕುದಿಸಿ ಗ್ಯಾಸ್ ಸುಡುವುದು ಬೇಡ. ಇಳಿಸುವಾಗ ಒಂದು ಹಿಡಿ ಲಾವಂಚದ ಬೇರು. ತಣಿದ ಮೇಲೆ ಮಣ್ಣಿನ ಹೂಜಿಗೆ. ಜೂನ್ ಮೊದಲ ವಾರದ ಕೆಂಪು ನೀರಿಗೆ ಪಟಿಕ ಎರಡು ಸುತ್ತು ಆಡಿಸಿ, ರಾತ್ರಿಯಿಡೀ ಬಿಟ್ಟು, ಮೇಲಿನ ತಿಳಿ ಬಸಿದು ಆಮೇಲೆ ಕುದಿಸುವುದು. ಖರ್ಚು ಇಲ್ಲವೇ ಇಲ್ಲ ಅಂತೇನಿಲ್ಲ. 45 ದಿನ ಬರುತ್ತಿದ್ದ ಸಿಲಿಂಡರ್ ಈಗ 37 ದಿನಕ್ಕೇ ಮುಗಿಯುತ್ತದೆ. ಆದರೂ ಕ್ಯಾನಿಗೆ ಹೋಗುತ್ತಿದ್ದ ದುಡ್ಡಿನ ಅರ್ಧಕ್ಕಿಂತ ಕಮ್ಮಿ. ನಮ್ಮವರು ಮೊದಲ ವಾರ "ಬಿಸಿನೀರಿನ ರುಚಿ" ಅಂತ ಗೊಣಗಿದರು. ಲಾವಂಚ ಹಾಕತೊಡಗಿದ ಮೇಲೆ ಸುಮ್ಮನಾದರು.

ಇನ್ನೊಂದು ವಿಷಯ ಹೇಳದಿದ್ದರೆ ಮನಸ್ಸಿಗೆ ಸಮಾಧಾನ ಇಲ್ಲ. ಐದು ವರ್ಷವೂ ನಾನು ತವರಿಗೆ ಹೋದಾಗಲೆಲ್ಲ ಐದು ಲೀಟರಿನ ಡಬ್ಬಿಯಲ್ಲಿ ಅಬ್ಬಿ ನೀರು ತುಂಬಿಕೊಂಡು, ದೇವಿಮನೆ ಘಟ್ಟದ ತಿರುವಿನಲ್ಲಿ ಅದು ಉರುಳದ ಹಾಗೆ ಕಾಲ ಸಂದಿಯಲ್ಲಿ ಹಿಡಿದುಕೊಂಡು ಬಸ್ಸಿನಲ್ಲಿ ಬರುತ್ತಿದ್ದೆ. "ಕಾರವಾರದ ನೀರಿಗೆ ಚಾ ಚೊಲೋ ಆಗ್ತಿಲ್ಲೆ" ಅಂತ ಆಯಿಯೇ ತುಂಬಿಸಿ ಕೊಡುತ್ತಿದ್ದಳು. ಮಗಳು ಪ್ರಾಜೆಕ್ಟಿಗೆ ಅಂತ ನಕ್ಷೆ ಬರೆಯುವಾಗ ಕೇಳಿದಳು, ನಮ್ಮ ನಲ್ಲಿ ನೀರು ಎಲ್ಲಿಂದ ಬರುತ್ತದೆ ಅಂತ. ಕಾರವಾರಕ್ಕೆ ಅಂಕೋಲಾ ತಾಲೂಕಿನ ಹೊನ್ನಳ್ಳಿಯಿಂದ, ಗಂಗಾವಳಿ ಹೊಳೆಯ ನೀರು. ಗಂಗಾವಳಿ ಅಂದರೆ ಮೇಲೆ ಬೇಡ್ತಿ, ಧಾರವಾಡದ ಕಡೆ ಹುಟ್ಟಿ ಯಲ್ಲಾಪುರದ ಮಾಗೋಡಿನಲ್ಲಿ ಧುಮುಕುವುದು ಅದೇ. ಅದಕ್ಕೆ ಬಂದು ಸೇರುವುದು ನಮ್ಮ ಶಾಲ್ಮಲಾ, ಸಹಸ್ರಲಿಂಗದ ಶಾಲ್ಮಲಾ. ತವರಿನ ತೊಟ್ಟಿ ತುಂಬಿ, ತೋಟ ದಾಟಿ, ಕಾಲುವೆಯಲ್ಲಿ ಹೋದ ನೀರು ಹೋಗುವುದು ಆ ಹೊಳೆಗೇ. ನಾನು ಬಸ್ ಟಿಕೆಟ್ ಕೊಟ್ಟು ಹೊತ್ತು ತರುತ್ತಿದ್ದದ್ದು ಹೊಳೆಯ ದಾರಿಯಲ್ಲಿ ತಾನೇ ನಡೆದು ಬಂದು, ಕ್ಲೋರಿನ್ ಸ್ನಾನವನ್ನೂ ಮಾಡಿಕೊಂಡು, ಗೇಟಿನ ನಲ್ಲಿಯಲ್ಲಿ ಕಾಯುತ್ತಿತ್ತು. ಬೇಡ್ತಿ ನೀರನ್ನು ವರದಾ ಹೊಳೆಗೆ ತಿರುಗಿಸುವ ಯೋಜನೆಯ ವಿರುದ್ಧ ಶಿರಸಿ, ಯಲ್ಲಾಪುರದಲ್ಲಿ ಸಭೆ ನಡೆದಾಗ ಅದು ಘಟ್ಟದ ಮೇಲಿನವರ ಗಲಾಟೆ ಅಂತ ಇಲ್ಲಿ ಕೆಲವರು ಅಂದದ್ದುಂಟು. ಅವರ ಮನೆ ನಲ್ಲಿಯಲ್ಲಿ ಬರುವುದು ಯಾವ ನೀರು ಅಂತ ಈಗ ನನಗೆ ಗೊತ್ತು.

ಆಯಿ ಹೋದ ತಿಂಗಳು ಬಂದಿದ್ದಳು. ಲಾವಂಚದ ನೀರು ಕುಡಿದು ಏನೂ ಹೇಳಲಿಲ್ಲ, ಎರಡನೇ ಲೋಟ ಕೇಳಿದಳು. ಅಬ್ಬಿ ಪೈಪಿನ ಬಾಯಿಗೆ ಅಣ್ಣ ಜಾಳಿಗೆ ಕಟ್ಟಿಸಿದ್ದಾನಂತೆ, ಕುದಿಸುವ ಮಾತು ಮಾತ್ರ ಇನ್ನೂ ನಡೆಯುತ್ತಿಲ್ಲ. ಕ್ಯಾನಿನವರ ಎರಡು ಖಾಲಿ ಕ್ಯಾನ್ ಈಗಲೂ ನಮ್ಮಲ್ಲೇ ಇವೆ, ಡಿಪಾಸಿಟ್ 300 ರೂಪಾಯಿ ಅವರ ಹತ್ತಿರ ಇದೆ. ನಾಲ್ಕು ಸಲ ಫೋನ್ ಮಾಡಿದೆ, "ನಾಳೆ ಬರ್ತೇನೆ ಅಕ್ಕಾ" ಅನ್ನುತ್ತಾನೆ. ಒಂದನ್ನು ಅಡ್ಡ ಕೊಯ್ದು ಒಂದೆಲಗ ನೆಟ್ಟಿದ್ದೇನೆ, ಚೆನ್ನಾಗಿ ಹಬ್ಬಿದೆ. ಇನ್ನೊಂದನ್ನು ಈ ವಾರ ಕೊಯ್ಯುತ್ತೇನೆ.